‘ದುಡ್ಡು ಕೊಡ್ತಾರಾ?’ ಎನ್ನುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ಬಹುಕಾಲ ಕುವೈತಿನಲ್ಲಿ ಉದ್ಯೋಗದಲ್ಲಿದ್ದರು, ಪತ್ನಿ, ಮಗಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ, ಇತ್ಯಾದಿ. ಕೊನೆಯಲ್ಲಿ ‘ಸಾಹಿತ್ಯಾಭಿಮಾನಿಯಾಗಿದ್ದರು’ ಎಂದು ಬೇರೆ ಸೇರಿಸಿದ್ದರು. ಓದಿ ನನಗೆ ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿ ಓದಿ ನಗುವ ಗಂಡನನ್ನು ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ದುರುಗುಟ್ಟಿಕೊಂಡು ನೋಡಿದಳು. ನಾನೇನು ಮಾಡಲಿ? ಸಾಹಿತ್ಯದ ಮೇಲೆ ಅಭಿಮಾನವಂತೆ! ಒಂದು ಪುಟ ಬರೆಯಬೇಕಾದರೆ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ನರಳುತ್ತಿದ್ದ ಪುಣ್ಯಾತ್ಮ ಅವರು.

ಅವರ ಹೆಂಡತಿಗೆ ಫೋನು ಮಾಡಿದಾಗ ಇದನ್ನು ಹೇಳಿದೆ. ಅವರೂ ಅಳುವಿನ ನಡುವೆ ನಕ್ಕರು. ಯಜಮಾನರ ಬಗ್ಗೆ ನಾಲ್ಕು ಪುಟ ಬರೆಯಬಹುದೇ ಎಂದು ಕೇಳಿದ್ದಕ್ಕೆ, “ಬರೀರಿ. ಆದ್ರೆ ಅವರ ಹೆಸರು ಬೇಡ, ನನ್ನದೂ ಬೇಡ. ಬಾಕಿ ಎಲ್ಲ ಇದ್ದದ್ದು ಇದ್ದ ಹಾಗೆ ಬರೀರಿ” ಅಂದರು. ಹಾಗಾಗಿ ಇಲ್ಲಿ ಅವರನ್ನು ‘ಯಜಮಾನರು’ ಎಂದೇ ಕರೆಯುತ್ತೇನೆ. ಕುವೈತಿನ ಅಬ್ಬಾಸಿಯಾದ ನಮ್ಮ ರೂಮಿನಲ್ಲಿ ಅವರ ಹೆಸರು ಅದೇ ಆಗಿತ್ತು. ನಾಲ್ಕು ಮಂಚದ ಆ ರೂಮಿಗೆ ಎಲ್ಲರಿಗಿಂತ ಮೊದಲು ಬಂದು ಸೇರಿದವರು ಅವರು. ಕಿಟಕಿಯ ಪಕ್ಕದ ಮಂಚ, ಸ್ಟೀಲು ಕಪಾಟಿನ ಬೀಗದಕೈ, ಅನ್ನಕ್ಕೆ ನೀರು ಎಷ್ಟು ಹಾಕಬೇಕೆಂಬ ತೀರ್ಮಾನ, ಈ ಮೂರೂ ಅವರದೇ.

ನಾನು ಅಲ್ಲಿಗೆ ಹೋದದ್ದು ತೊಂಬತ್ತರ ಜನವರಿಯಲ್ಲಿ. ಮಂಡ್ಯದ ಕಡೆಯವನು. ಇಪ್ಪತ್ತಾರು ವರ್ಷ, ಟೈಪಿಂಗ್ ಸೀನಿಯರ್ ಪಾಸು, ಜೊತೆಗೆ ಕವಿ. ಕವಿ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ, ಬೇರೆ ಯಾರೂ ಇನ್ನೂ ಒಪ್ಪಿರಲಿಲ್ಲ. ಶುಐಬಾದ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ನಾನು ಟೈಪಿಸ್ಟು, ಯಜಮಾನರು ಟೈಮ್‌ಕೀಪರು. ಕರಾವಳಿಯ ಕಡೆಯವರು. ನಲವತ್ತೈದರ ಆಸುಪಾಸು, ತೆಳ್ಳಗೆ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ನು. ಬೆಳಿಗ್ಗೆ ಗೇಟಿನಲ್ಲಿ ನಿಂತು ನೂರಾರು ಜನರ ಮುಖ ನೋಡಿ ಹಾಜರಿ ಹಾಕುವುದು ಅವರ ಕೆಲಸ. ತಡವಾಗಿ ಬಂದವನು ಎಷ್ಟು ನಿಮಿಷ ತಡ ಎನ್ನುವುದನ್ನು ಗಡಿಯಾರ ನೋಡದೆ ಹೇಳುತ್ತಿದ್ದರು.

ಮೊದಲ ಶುಕ್ರವಾರವೇ ನನಗೆ ಅವರ ಇನ್ನೊಂದು ಅವತಾರದ ದರ್ಶನವಾಯಿತು. ಊಟ ಮುಗಿಸಿ ಎಲ್ಲರೂ ಮಲಗಿದ್ದರು. ಯಜಮಾನರು ಬನಿಯನ್ನು, ಲುಂಗಿಯಲ್ಲಿ ಮಂಚದ ಮೇಲೆ ಕೂತು, ಇಸ್ತ್ರಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಟೈಮ್‌ಶೀಟುಗಳ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದರು. ಎರಡು ಸಾಲು ಬರೆಯುವುದು, ‘ಅಯ್ಯೋ ದೇವರೇ’ ಎನ್ನುವುದು, ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುವುದು, ಎಷ್ಟು ಪುಟವಾಯಿತೆಂದು ಎಣಿಸುವುದು. ಕಾಗದ ಬರೆಯುತ್ತಿದ್ದಾರೇನೋ ಅಂದುಕೊಂಡೆ. ಬಗ್ಗಿ ನೋಡಿದರೆ ಕಥೆ! ಈ ಮರಳುಗಾಡಿನಲ್ಲಿ ಒಬ್ಬ ಸಹೃದಯ ಸಿಕ್ಕಿದನಲ್ಲ ಎಂದು ಸಂತೋಷಪಟ್ಟು, ನಾನೂ ಬರೆಯುತ್ತೇನೆ ಸಾರ್, ಒಂದು ಕವಿತೆ ಈಚೆಗೆ ಅಚ್ಚಾಗಿದೆ ಅಂದೆ.

ಅವರು ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: “ದುಡ್ಡು ಕೊಡ್ತಾರಾ?”

“ಇಲ್ಲ ಸಾರ್, ಅದು ಸಣ್ಣ ಪತ್ರಿಕೆ. ಆದರೆ ಬಹಳ ಒಳ್ಳೇ ಪತ್ರಿಕೆ.”

“ಹಾಗಾದ್ರೆ ಎಂತಕ್ಕೆ ಕಳಿಸಿದ್ದು?” ಎಂದು ಮತ್ತೆ ಹಲಗೆಯ ಮೇಲೆ ಬಗ್ಗಿದರು.

ಆ ದಿನವೇ ನನಗೆ ಅವರ ಮೇಲೆ ತಾತ್ಸಾರ ಹುಟ್ಟಿತು. ಮುಂದೆ ಅದು ಬೆಳೆಯಲಿಕ್ಕೆ ಅವರೇ ಬೇಕಾದಷ್ಟು ಕಾರಣ ಒದಗಿಸಿದರು. ಸಂಭಾವನೆ ಕೊಡದ ಪತ್ರಿಕೆಗೆ ಅವರು ಒಂದು ಸಾಲೂ ಕಳಿಸುತ್ತಿರಲಿಲ್ಲ. ಯಾವ ಪತ್ರಿಕೆ ಕಥೆಗೆ ಎಷ್ಟು, ಕವಿತೆಗೆ ಎಷ್ಟು ಎನ್ನುವುದೆಲ್ಲ ಬಾಯಿಪಾಠ. “ಕವಿತೆಗೆ ಇಪ್ಪತ್ತೈದೇ ರೂಪಾಯಿ. ಆದ್ರೆ ಹದಿನಾರು ಸಾಲಲ್ಲಿ ಮುಗೀತದೆ ನೋಡು” ಎನ್ನುತ್ತಿದ್ದರು. ಕುವೈತಿನ ಕನ್ನಡಿಗರೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರುವುದೆಂದು ಹೊರಟಾಗ, ಅದರ ಹಿರಿಯರೊಬ್ಬರು ಸಿಹಿತಿಂಡಿ ಹಿಡಿದುಕೊಂಡು ನಮ್ಮ ರೂಮಿಗೇ ಬಂದು ಒಂದು ಕವಿತೆ ಕೇಳಿದರು. ಯಜಮಾನರು ಸಿಹಿ ತಿಂದು, ಕೈ ಒರೆಸಿಕೊಂಡು, “ಎಷ್ಟು ಕೊಡ್ತೀರಿ?” ಅಂದರು. ಆ ಹಿರಿಯರ ಮುಖ ಸುಟ್ಟ ಬದನೆಕಾಯಿಯಾಯಿತು. ನಾನು ಮುಂದೆ ಬಿದ್ದು ನನ್ನ ಮೂರು ಕವಿತೆ ಉಚಿತವಾಗಿ ಕೊಟ್ಟೆ. ಅವರು ಒಂದನ್ನೂ ಹಾಕಲಿಲ್ಲ, ಅದು ಬೇರೆ ಮಾತು.

ಅವರ ಪದ್ಧತಿಯೇ ವಿಚಿತ್ರವಾಗಿತ್ತು. ಸ್ಟೀಲು ಕಪಾಟಿನ ಬಾಗಿಲ ಒಳಗಡೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಕಂಪನಿಯ ಹಾಜರಿ ಪುಸ್ತಕದ ಹಾಗೆಯೇ ಗೆರೆ ಎಳೆದದ್ದು. ಎಡಗಡೆ ಕೆಲಸಗಾರರ ಹೆಸರಿರುವ ಜಾಗದಲ್ಲಿ ಕಥೆ, ಕವಿತೆಗಳ ಹೆಸರು. ಮುಂದಿನ ಮನೆಗಳಲ್ಲಿ ಅದು ಯಾವ ಪತ್ರಿಕೆಯಲ್ಲಿ ಡ್ಯೂಟಿಯಲ್ಲಿದೆ ಎನ್ನುವ ವಿವರ. ಅಚ್ಚಾದರೆ ಹಾಜರು. ವಾಪಸ್ಸು ಬಂದರೆ ರಜೆ. ಮೂರು ತಿಂಗಳು ಸುದ್ದಿಯೇ ಇಲ್ಲದಿದ್ದರೆ ಗೈರುಹಾಜರು. ಆರು ತಿಂಗಳು ಗೈರಾದರೆ ಕೆಂಪು ಶಾಯಿಯಲ್ಲಿ ‘ಖಲಾಸ್’ ಎಂದು ಬರೆದು, ಅದೇ ಕಥೆಯನ್ನು ಹೊಸದಾಗಿ ನಕಲು ಮಾಡಿ ಬೇರೆ ಪತ್ರಿಕೆಯಲ್ಲಿ ಕೆಲಸಕ್ಕೆ ಹಚ್ಚುತ್ತಿದ್ದರು. ಸಾಹಿತ್ಯವನ್ನು ಕೂಲಿಗೆ ಕಳಿಸುತ್ತೀರಲ್ಲ ಯಜಮಾನ್ರೇ ಎಂದು ನಾನು ಕೆಣಕಿದರೆ, “ಹೌದು ಮಾರಾಯ, ಸುಮ್ಮನೆ ಕೂತು ಉಣ್ಲಿಕ್ಕೆ ಅದೆಂತ ನಮ್ಮ ಕಫೀಲನಾ?” ಎಂದು ಕಂಪನಿಯ ಅರಬ್ಬಿ ಧಣಿಯನ್ನು ಎಳೆದು ತಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಕಥೆಗಳನ್ನು ಅವರು ಕುವೈತಿನಿಂದ ಅಂಚೆಗೆ ಹಾಕುತ್ತಿರಲಿಲ್ಲ. ರಜೆಗೆ ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಬೊಂಬಾಯಿಯಲ್ಲಿ ಹಾಕಿಸುತ್ತಿದ್ದರು. ಪತ್ರಿಕೆಗೆ ಕಳಿಸುವ ಲಕೋಟೆಯ ಒಳಗೆ, ವಾಪಸ್ಸಾತಿಗೆಂದು ಊರಿನ ಮನೆಯ ವಿಳಾಸ ಬರೆದ, ಸ್ಟ್ಯಾಂಪು ಹಚ್ಚಿದ ಇನ್ನೊಂದು ಲಕೋಟೆ ಇಡಬೇಕಲ್ಲ? ಅದಕ್ಕೆ ಹಚ್ಚಲು ಊರಿನ ಸ್ಟ್ಯಾಂಪುಗಳನ್ನು ಅವರು ಪ್ರತಿ ರಜೆಯಲ್ಲೂ ತಂದು ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಈ ಜಿಪುಣತನ ನನಗೆ ಬೇಡವೆಂದು ನಾನು ಅಲ್ಲಿಂದಲೇ ಒಂದು ದೊಡ್ಡ ಪತ್ರಿಕೆಗೆ ಕವಿತೆಗಳನ್ನು ಕಳಿಸಿದೆ. ಒಳಗಿನ ಲಕೋಟೆಗೆ ಹಡಗಿನ ಚಿತ್ರವಿದ್ದ ಚಂದದ ಕುವೈತಿ ಸ್ಟ್ಯಾಂಪುಗಳನ್ನು ಹಚ್ಚಿದ್ದೆ. ಯಜಮಾನರು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬೆಂಗಳೂರಿನ ಅಂಚೆಯವ ಕುವೈತಿನ ಸ್ಟ್ಯಾಂಪಿಗೆ ಎಂತ ಮಾಡ್ತಾನೆ ಮಾರಾಯ? ಅವನ ಮಗ ಅದನ್ನು ಪುಸ್ತಕದಲ್ಲಿ ಅಂಟಿಸ್ತಾನೆ ಅಷ್ಟೇ!” ನನ್ನ ಆ ಕವಿತೆಗಳು ಇವತ್ತಿನವರೆಗೂ ವಾಪಸ್ಸು ಬಂದಿಲ್ಲ.

ಇನ್ನು ಕಥೆಗಳ ಗುಣ. ಅದರ ಬಗ್ಗೆ ಸುಳ್ಳು ಹೇಳಬಾರದು. ಶುರು ಚೆನ್ನಾಗಿರುತ್ತಿತ್ತು. ಮನುಷ್ಯರನ್ನು ನೋಡುವ ಕಣ್ಣು ಅವರಿಗಿತ್ತು, ಗೇಟಿನಲ್ಲಿ ನಿಂತು ನಿಂತು ಬಂದದ್ದಿರಬೇಕು. ಆದರೆ ಎಂಟನೆಯ ಪುಟ ಬಂತೆಂದರೆ ಯಾರಾದರೊಬ್ಬರು ಸತ್ತೇ ತೀರಬೇಕು. ಲಾರಿ, ಹಾವು, ಹೃದಯಾಘಾತ, ಏನಾದರೂ ಒಂದು. ನಿಮ್ಮ ಕಥೆಯಲ್ಲಿ ಯಮನಿಗೆ ಓವರ್‌ಟೈಮ್ ಜಾಸ್ತಿಯಾಯ್ತು ಎಂದರೆ, “ಸತ್ರೆ ಕಥೆ ಮುಗೀತದಲ್ವಾ? ಬದುಕಿದ್ರೆ ಇನ್ನೊಂದು ಶುಕ್ರವಾರ ಹಾಳು” ಎನ್ನುತ್ತಿದ್ದರು.

ಮಾರ್ಚಿನಲ್ಲೋ ಏಪ್ರಿಲ್ಲಿನಲ್ಲೋ ಊರಿನಿಂದ ಅವರಿಗೆ ಬಂದ ಕಾಗದದಲ್ಲಿ ಅಚ್ಚಾದ ಕಥೆಯ ತುಣುಕೊಂದಿತ್ತು. ನಾನು ಕಸಿದುಕೊಂಡು ಓದಿದೆ. ಕಥೆ ಅವರದೇ, ನಾನು ಕೈಬರಹದಲ್ಲಿ ಓದಿದ್ದದ್ದೇ. ಮೇಲೆ ಇದ್ದದ್ದು ಮಾತ್ರ ‘ಶ್ರೀಮತಿ’ ಎಂದು ಶುರುವಾಗುವ ಹೆಸರು. ಅವರ ಹೆಂಡತಿಯದು.

“ಏನ್ ಯಜಮಾನ್ರೇ ಇದು ಮೋಸ?”

“ಹೆಂಗಸರ ಹೆಸರಿದ್ರೆ ಬೇಗ ತಗೊಳ್ತಾರೆ.” ಅವರು ಕಣ್ಣು ತಪ್ಪಿಸಿದರು.

ರೂಮಿನಲ್ಲಿ ಅವತ್ತು ಅವರಿಗೆ ಆದ ಗೇಲಿ ಅಷ್ಟಿಷ್ಟಲ್ಲ. ‘ಶ್ರೀಮತಿಯವರೇ, ಸಾರಿಗೆ ಉಪ್ಪು ಎಷ್ಟು?’ ಎಂದು ಎಲ್ಲರೂ ಕಾಡಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ಮತ್ತೆ ಓದಿದಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಕಥೆಯ ಕೊನೆ ಬೇರೆಯಾಗಿತ್ತು, ಲಾರಿಯಡಿ ಸಾಯಬೇಕಾಗಿದ್ದ ಮುದುಕ ಆರಾಮವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಅದನ್ನು ತೋರಿಸಿದರೆ, “ಸಂಪಾದಕ ತಿದ್ದಿದ್ದಾನೆ. ಯಾವಾಗಲೂ ತಿದ್ತಾನೆ. ಎಂತ ಬೇಕಾದ್ರೂ ಮಾಡ್ಲಿ, ದುಡ್ಡು ಬಂತಲ್ಲ” ಅಂದರು. ಥೂ, ಇವರೂ ಒಬ್ಬ ಲೇಖಕರಾ ಅನ್ನಿಸಿತು ನನಗೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅದರ ಕಥೆಯೆಲ್ಲ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ನಾನು ಹೇಳುವುದಿಲ್ಲ. ನಮಗೆ ಗೊತ್ತಾಗಿದ್ದು ಇಷ್ಟು: ಕಂಪನಿಯ ಬಸ್ಸು ಬರಲಿಲ್ಲ, ಬ್ಯಾಂಕು ಮುಚ್ಚಿತು, ಫೋನು ಸತ್ತಿತು, ಖುಬೂಸ್ ರೊಟ್ಟಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸಾಲು. ಅಂಥ ಒಂದು ಸಾಲಿನಲ್ಲಿ ನಿಂತಿದ್ದಾಗ ಯಜಮಾನರು ಎಂದೂ ಇಲ್ಲದ ಹಾಗೆ ಮಂಕಾಗಿದ್ದರು. ಈ ತಿಂಗಳ ಡ್ರಾಫ್ಟು ಹೋಗಲಿಲ್ಲವಲ್ಲ ಎಂಬ ಚಿಂತೆಯಾ ಎಂದು ಕೇಳಿದೆ.

“ಡ್ರಾಫ್ಟು ಅಣ್ಣನ ಹೆಸರಿಗೆ ಹೋಗ್ತದೆ. ಒಟ್ಟು ಮನೆ ಅಲ್ವಾ. ಅವ ಹೇಗಾದರೂ ಸುಧಾರಿಸ್ತಾನೆ, ಅಂಗಡಿ ಉಂಟು. ನಾನು ಯೋಚನೆ ಮಾಡುವುದು ಇವಳದ್ದು.”

ಆಮೇಲೆ ಹೇಳಿದರು. ಮೂರು ವರ್ಷದ ಹಿಂದೆ ರಜೆಗೆ ಹೋಗಿದ್ದಾಗ, ಹೆಂಡತಿ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವುದನ್ನು ನೋಡಿದರಂತೆ. ಕಣ್ಣು ಕಾಣಿಸದೆ ಎರಡು ವರ್ಷವಾಗಿತ್ತು. ಕನ್ನಡಕ ಮಾಡಿಸಿಕೊಂಡಿರಲಿಲ್ಲ. ಯಾಕೆಂದರೆ ಅದಕ್ಕೆ ಭಾವನನ್ನು ಕೇಳಬೇಕು. ಭಾವ ಕೆಟ್ಟವರಲ್ಲ, ಕೇಳಿದರೆ ತಕ್ಷಣ ಕೊಡುವವರು. ಆದರೆ ಕೇಳಬೇಕಲ್ಲ? ಬಸ್ಸಿಗೆ ಕೇಳಬೇಕು, ಬಳೆಗೆ ಕೇಳಬೇಕು, ತವರಿಗೆ ಒಂದು ಕಾಗದ ಬರೆಯಬೇಕಾದರೂ ಕೇಳಬೇಕು.

“ನೀವು ಬೇರೆಯಾಗಿ ಅವರ ಹೆಸರಿಗೇ ಕಳಿಸಬಹುದಿತ್ತಲ್ಲ?” ಅಂದೆ.

“ಕಳಿಸಿದ್ರೆ ಮನೆ ಒಡೀತದೆ ಮಾರಾಯ. ‘ತಮ್ಮನಿಗೆ ನನ್ನ ಮೇಲೆ ನಂಬಿಕೆ ಇಲ್ಲ’ ಅಂತ ಅಣ್ಣ ಊಟ ಬಿಡ್ತಾನೆ. ಅದೇ ಪತ್ರಿಕೆಯವರು ಅವಳ ಹೆಸರಿಗೆ ಮನಿಯಾರ್ಡರ್ ಮಾಡಿದ್ರೆ? ಅಂಚೆಯವ ಬಂದು ಅವಳನ್ನೇ ಕರ್ದು, ಅವಳ ರುಜು ಹಾಕಿಸಿ, ಅವಳ ಕೈಗೇ ಕೊಡ್ತಾನೆ. ಯಾರು ಎಂತ ಹೇಳ್ಲಿಕ್ಕುಂಟು? ನಮ್ಮ ಮನೆಯಲ್ಲೊಬ್ಬಳು ಲೇಖಕಿ ಇದ್ದಾಳೆ ಅಂತ ಅಣ್ಣನಿಗೆ ಜಂಬ ಬೇರೆ.” ಅವರು ಬೆವರು ಒರೆಸಿಕೊಂಡರು. “ನನಗೆ ಕಥೆ ಬರೀಲಿಕ್ಕೆ ಬರ್ತದೆ ಅಂತ ಬರ್ದದ್ದಾ? ಬೇರೆ ಉಪಾಯ ಕಾಣ್ಲಿಲ್ಲ.”

ನನಗೆ ನಾಚಿಕೆಯಾಯಿತು, ಇದನ್ನು ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ. ಏಳು ತಿಂಗಳಿನಿಂದ ಈ ಮನುಷ್ಯನನ್ನು ಜಿಪುಣ, ಕಲೆಯ ವ್ಯಾಪಾರಿ ಎಂದೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವತ್ತು ನನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಅವರಿಗೆ ಕೊಟ್ಟೆ. ಅವರು “ಎಂತ ಮಾರಾಯ, ಜ್ವರವಾ?” ಎಂದು ನನ್ನ ಹಣೆ ಮುಟ್ಟಿ ನೋಡಿದರು.

ಸೆಪ್ಟೆಂಬರಿನಲ್ಲಿ ನಾನು ಹೊರಟೆ. ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿಯ ನವೀಕರಣಕ್ಕೆಂದು ನನ್ನ ಪಾಸ್‌ಪೋರ್ಟು ಹೊರಗೆ ಬಂದಿದ್ದರಿಂದ ನಾನು ಬಚಾವಾದೆ. ಉಳಿದವರ ಪಾಸ್‌ಪೋರ್ಟುಗಳೆಲ್ಲ ಕಂಪನಿಯ ತಿಜೋರಿಯಲ್ಲಿ, ತಿಜೋರಿಯ ಕೀಲಿಕೈ ರಜೆಗೆ ಹೋದ ಮ್ಯಾನೇಜರನ ಜೇಬಿನಲ್ಲಿ. ರಾಯಭಾರ ಕಚೇರಿಯವರು ಬದಲಿ ಕಾಗದ ಕೊಡುತ್ತಿದ್ದರು. ಯಜಮಾನರು ಮೊದಲ ದಿನವೇ ಅದನ್ನು ಮಾಡಿಸಿಕೊಂಡು ನನ್ನ ಜೊತೆ ಬರಬಹುದಿತ್ತು. ಬರಲಿಲ್ಲ. ಶುಐಬಾದ ಲೇಬರ್ ಕ್ಯಾಂಪಿನಲ್ಲಿದ್ದ ಕೆಲಸಗಾರರ ಬಳಿ ತಾವು ಯಾರೆಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಇದ್ದ ಒಂದೇ ದಾಖಲೆ ಯಜಮಾನರ ಹಾಜರಿ ಪುಸ್ತಕ. “ಅದನ್ನು ಓದ್ಲಿಕ್ಕೆ ಬರುವುದು ನನಗೆ ಮಾತ್ರ. ಇವರದ್ದೆಲ್ಲ ಮುಗ್ಸಿ ಬರ್ತೇನೆ, ನೀನು ಹೋಗು, ಯಲ್ಲಾ, ಹೊರಡು” ಅಂದರು.

ಹೊರಡುವಾಗ ಒಂದು ಲಕೋಟೆ ಕೊಟ್ಟರು. “ಬೊಂಬಾಯಿಯಲ್ಲಿ ಹಾಕು. ವಾರಪತ್ರಿಕೆ, ಬೇಗ ಹಾಕ್ತಾರೆ. ಮನೆಗೆ ಮಾತ್ರ ಕೊಂಡುಹೋಗ್ಬೇಡ. ಬರೆಯುವುದು ನಾನು ಅಂತ ಅಣ್ಣನಿಗೆ ಗೊತ್ತಾದ್ರೆ ಅವಳಿಗೆ ಅಲ್ಲಿ ತಲೆ ಎತ್ಲಿಕ್ಕಾಗುವುದಿಲ್ಲ. ಆ ದುಡ್ಡೂ ಹೋಯ್ತು, ಮರ್ಯಾದೆಯೂ ಹೋಯ್ತು. ತಿಳೀತಾ?”

ತಿಳಿಯಿತು ಅಂದೆ. ಬಸ್ರಾ, ಬಾಗ್ದಾದು, ಜೋರ್ಡಾನಿನ ಗಡಿ. ಗಡಿಯ ಡೇರೆಗಳಲ್ಲಿ ಹನ್ನೊಂದು ದಿನ ಕೂತೆವು. ನೀರಿಗೆ ಸಾಲು, ಅನ್ನಕ್ಕೆ ಸಾಲು, ಹೊತ್ತು ಹೋಗದು. ಪರರ ಲಕೋಟೆ ಒಡೆಯಬಾರದು ಎನ್ನುವಷ್ಟು ಸಂಸ್ಕಾರ ನನಗಿದೆ, ಆದರೆ ಅಂಟು ಬಿಸಿಲಿಗೆ ತಾನಾಗಿಯೇ ಬಿಟ್ಟುಕೊಂಡಿತ್ತು. ಓದಿದೆ. ಮುತ್ತಿಗೆಯಾದ ಊರಿನಲ್ಲಿ ಸಿಕ್ಕಿಬಿದ್ದ ಒಬ್ಬ ಗಂಡಸು. ರೊಟ್ಟಿಯ ಸಾಲು, ಆ ಸಾಲಿನ ಮಾತು, ಮುಚ್ಚಿದ ಬ್ಯಾಂಕಿನ ಬಾಗಿಲು. ಅವರ ಕಥೆಗಳಲ್ಲೇ ಇಂಥದು ನಾನು ಕಂಡಿರಲಿಲ್ಲ. ಎಂಟನೆಯ ಪುಟದಲ್ಲಿ ಆ ಗಂಡಸು ಸಾಲಿನಲ್ಲೇ ಗುಂಡೇಟಿಗೆ ಬಿದ್ದು ಸಾಯುತ್ತಾನೆ. ಹೆಣ ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಅಂಚೆಗೆ ಹಾಕಿ, ಅಚ್ಚಾಗಿ, ಆ ಹೆಣ್ಣುಮಗಳು ತನ್ನ ಹೆಸರಿನ ಕೆಳಗೆ ತನ್ನ ಗಂಡನ ಸಾವನ್ನು ಓದಬೇಕೇ?

ಬೊಂಬಾಯಿಯಲ್ಲಿ ಅಂಚೆಪೆಟ್ಟಿಗೆಯ ಮುಂದೆ ಎರಡು ಸಲ ನಿಂತು, ಎರಡು ಸಲವೂ ವಾಪಸ್ಸು ಬಂದೆ. ಮಂಡ್ಯಕ್ಕೆ ಹೋಗಬೇಕಾದವನು ಮಂಗಳೂರಿನ ಬಸ್ಸು ಹತ್ತಿದೆ.

ಅವರ ಮನೆ ಮಂಗಳೂರಿನಾಚೆಯ ಒಂದು ಸಣ್ಣ ಊರಿನ ಪೇಟೆಬೀದಿಯಲ್ಲೇ ಇತ್ತು. ಮುಂದೆ ಅಣ್ಣನ ಪಾತ್ರೆ ಅಂಗಡಿ, ಹಿಂದೆ ವಾಸ. ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡು “ಬದುಕಿದ್ದಾನಾ?” ಎಂದು ಕೇಳಿದರು. ಚೆನ್ನಾಗಿದ್ದಾರೆ, ಊರೆಲ್ಲರ ಹಾಜರಿ ಹಾಕುತ್ತಿದ್ದಾರೆ ಅಂದೆ. ಊಟವಾಯಿತು. ಯಜಮಾನರ ಹೆಂಡತಿಯನ್ನು ಒಂಟಿಯಾಗಿ ಮಾತಾಡಿಸುವುದು ಹೇಗಪ್ಪಾ ಎಂದು ನಾನು ಒದ್ದಾಡುತ್ತಿದ್ದರೆ, ಗಡಿಯಾರ ಎರಡು ಹೊಡೆಯಿತು. ಅಣ್ಣ ತುಟಿಯ ಮೇಲೆ ಬೆರಳಿಟ್ಟರು.

“ಎರಡರಿಂದ ಮೂರು ಅವಳನ್ನು ಯಾರೂ ಕರೆಯುವ ಹಾಗಿಲ್ಲ. ಬರೀತಾಳೆ. ಕಥೆ ಬರೀತಾಳೆ ಮಾರಾಯ್ರೆ, ನಮ್ಮ ತಮ್ಮನ ಹೆಂಡತಿ! ನಿಮಗೆ ಅವ ಹೇಳ್ಲಿಲ್ವಾ?”

ನಾನು ನುಂಗಿದ ನೀರು ನೆತ್ತಿಗೆ ಹತ್ತಿತು. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದು ಅಣ್ಣ ಹೊರಟರು. ನಾನು ಸರಸರನೆ ಒಳಕೋಣೆಯ ಬಾಗಿಲಿಗೆ ಹೋಗಿ ಲಕೋಟೆ ಚಾಚಿದೆ. “ಅಕ್ಕಾ, ಯಜಮಾನ್ರು ಕೊಟ್ಟಿದ್ದು. ನಿಮಗೆ ಕೊಡಬೇಡ ಅಂದಿದ್ರು. ಕೊನೆ ಪುಟ ಮಾತ್ರ ಓದಬೇಡಿ.”

ಅವರು ಕನ್ನಡಕ ಹಾಕಿಕೊಂಡು, ನಿಂತುಕೊಂಡೇ ಓದಿದರು. ಕೊನೆಯ ಪುಟ ಬಂದಾಗ ನಾನು ನೆಲ ನೋಡುತ್ತಾ ನಿಂತೆ. ಅಳು ಕೇಳಿಸಲಿಲ್ಲ. ತಲೆ ಎತ್ತಿದರೆ, ಅವರು ಪೆನ್ನು ತೆಗೆದು ಆ ಪುಟಕ್ಕೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು.

“ಇದು ಆಗ್ಲಿಕ್ಕಿಲ್ಲ” ಅಂದರು. “ಇವರು ಯಾವಾಗಲೂ ಹೀಗೇ. ಕೊನೆಗೆ ಬರುವಾಗ ಅವಸರ, ಯಾರನ್ನಾದರೂ ಕೊಂದು ಹಾಕಿ ಏಳ್ತಾರೆ.”

ಮಂಚದ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ತೋರಿಸಿದರು. ಯಜಮಾನರ ಅಷ್ಟೂ ಕಥೆಗಳು ಅಲ್ಲಿದ್ದವು, ಪತ್ರಿಕೆಗಳ ‘ವಿಷಾದಿಸುತ್ತೇವೆ’ ಚೀಟಿಗಳ ಸಮೇತ. ಒಂದೊಂದರ ಮೇಲೂ ಬೇರೆ ಶಾಯಿಯ ಗೆರೆ, ಗೀಟು, ಅಂಚಿನಲ್ಲಿ ಸಣ್ಣಕ್ಷರ.

“ಅವರು ಕಳಿಸಿದ ಹಾಗೇ ಒಂದನ್ನೂ ಯಾರೂ ಹಾಕ್ಲಿಲ್ಲ. ಎಲ್ಲ ವಾಪಸ್ಸು ಬಂತು. ನಾನು ಲೇಖಕಿ ಅಂತ ಇವರು ಮನೆಯಲ್ಲಿ ಹೇಳಿ ಹೋಗಿದ್ದಾರೆ, ದಿನಾ ಒಂದು ಗಂಟೆ ಪೆನ್ನು ಹಿಡ್ಕೊಂಡು ಕೂರ್ಲೇಬೇಕು. ಸುಮ್ಮನೆ ಎಷ್ಟು ದಿನ ಕೂರುವುದು? ತಿದ್ಲಿಕ್ಕೆ ಶುರುಮಾಡಿದೆ. ತಿದ್ದಿ, ನಕಲು ಮಾಡಿ, ಬೇರೆ ಪತ್ರಿಕೆಗೆ ಕಳಿಸಿದೆ. ತಗೊಂಡ್ರು. ಇವರಿಗೆ ಪತ್ರಿಕೆಯ ಹೆಸರು ಕತ್ತರಿಸಿ ತುಣುಕು ಮಾತ್ರ ಕಳಿಸ್ತೇನೆ.” ಅವರು ಧ್ವನಿ ತಗ್ಗಿಸಿದರು. “ಇವರಿಗೆ ಹೇಳ್ಬೇಡಿ. ಬೇಜಾರು ಮಾಡಿಕೊಳ್ತಾರೆ.”

ನನ್ನ ಪಾಡು ನೋಡಿ! ಗಂಡನ ಗುಟ್ಟು ಮನೆಯವರಿಗೆ ಹೇಳಬಾರದು, ಹೆಂಡತಿಯ ಗುಟ್ಟು ಗಂಡನಿಗೆ ಹೇಳಬಾರದು. ನಾನು ಹೂಂ ಅಂದೆ. ಅವರು ಚಾಪೆ ಹಾಸಿ ಕೂತು, ಒಂದು ಖಾಲಿ ಹಾಳೆ ತೆಗೆದುಕೊಂಡು, ನನ್ನನ್ನು ಬಾಗಿಲಲ್ಲೇ ಕೂರಿಸಿ ಪ್ರಶ್ನೆ ಕೇಳಲು ಶುರುಮಾಡಿದರು. ಊಟಕ್ಕೆ ಏನು ಸಿಗುತ್ತದೆ? ರೂಮಿನಲ್ಲಿ ಈಗ ಯಾರು ಯಾರು? ಬಟ್ಟೆ ಯಾರು ಒಗೆಯುತ್ತಾರೆ? ಸಣ್ಣಗಾಗಿದ್ದಾರಾ? ಕಥೆಗೆ ಬೇಕಾಗಿ ಕೇಳುತ್ತಿದ್ದರೋ ತಮಗೆ ಬೇಕಾಗಿ ಕೇಳುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ಮೂರು ಗಂಟೆಯಾಗುವಾಗ ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಪೆನ್ನು ಮಾತ್ರ ನಿಂತಿರಲಿಲ್ಲ.

ನಾನು ಊರು ಸೇರಿದೆ. ಅಕ್ಟೋಬರ್ ಮುಗಿಯುತ್ತಾ ಬಂತು, ನಮ್ಮವರನ್ನು ಕರೆತರುವ ವಿಮಾನಗಳು ಇನ್ನು ನಿಲ್ಲುತ್ತವೆ ಎಂದು ರೇಡಿಯೋದಲ್ಲಿ ಹೇಳಿದರು. ಯಜಮಾನರ ಸುದ್ದಿಯಿಲ್ಲ. ಅನ್ನ ಇಳಿಯುತ್ತಿರಲಿಲ್ಲ ನನಗೆ, ನಿಜವಾಗಿ ಹೇಳುತ್ತಿದ್ದೇನೆ. ಸ್ವಂತ ಅಣ್ಣನಿಗೂ ನಾನು ಅಷ್ಟು ಹರಕೆ ಹೊತ್ತಿರಲಿಲ್ಲ. ನವೆಂಬರ್ ಮೊದಲ ವಾರ ಒಂದು ಕಾರ್ಡು ಬಂತು. ಅಕ್ಕನ ಅಕ್ಷರ: “ಬಂದರು. ಸಣ್ಣಗಾಗಿದ್ದಾರೆ. ನೀವೂ ಬನ್ನಿ.” ಆ ಕಾರ್ಡನ್ನು ನಾನು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆನಂತೆ. ನನ್ನ ತಾಯಿ ಇದನ್ನು ಕೊನೆಯವರೆಗೂ ಹೇಳಿ ನಗುತ್ತಿದ್ದರು.

ಮರುದಿನವೇ ಹೋದೆ. ಯಜಮಾನರು ಅರ್ಧಕ್ಕರ್ಧ ಇಳಿದಿದ್ದರು, ಗಡ್ಡ ಬೆಳ್ಳಗಾಗಿತ್ತು. ಕೆಲಸಗಾರರೆಲ್ಲರ ಕಾಗದವಾದ ಮೇಲೆ, ಕಡೆಯ ವಿಮಾನಗಳಲ್ಲೊಂದರಲ್ಲಿ ಬಂದಿದ್ದರು. ನನ್ನನ್ನು ಕಂಡು ಅಪ್ಪಿಕೊಂಡು, ಕಿವಿಯಲ್ಲಿ “ಬೊಂಬಾಯಿಯಲ್ಲಿ ಹಾಕಿದ್ದೀಯಲ್ಲ?” ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅಣ್ಣ ಅಂಗಡಿಯಿಂದ ವಾರಪತ್ರಿಕೆ ಹಿಡಿದುಕೊಂಡು ಓಡಿ ಬಂದರು. “ನೋಡು, ನಿನ್ನ ಹೆಂಡತಿದ್ದು ಬಂದಿದೆ! ನಿನ್ನದೇ ಕಥೆ ಇದ್ದ ಹಾಗುಂಟು!” ಎಂದು ಕೊಟ್ಟು, ಗಿರಾಕಿ ಇದ್ದಾರೆಂದು ಹಾಗೆಯೇ ಓಡಿಹೋದರು.

ಯಜಮಾನರು ಓದುತ್ತಾ ಕೂತರು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಕೊನೆಯ ಪುಟದಲ್ಲಿ ಅವರ ಬೆರಳು ನಿಂತಿತು. ಆ ಗಂಡಸು ಸತ್ತಿರಲಿಲ್ಲ. ಮನೆಗೆ ಬಂದಿದ್ದ. ಬಾಗಿಲಲ್ಲಿ ನಿಂತವನಿಗೆ ಒಳಗಿನಿಂದ ಹೆಂಡತಿ, ನಿನ್ನೆ ಹೋಗಿ ಇವತ್ತು ಬಂದವನಿಗೆ ಹೇಳುವ ಹಾಗೆ, ಕಾಲು ತೊಳೆದು ಬನ್ನಿ ಅನ್ನುತ್ತಿದ್ದಳು. ಯಜಮಾನರು ಎರಡು ಸಲ ಓದಿದರು.

“ಇದ್ರಲ್ಲಿ ನಾನು ಸತ್ತಿದ್ದೆನಲ್ಲ?” ನನ್ನನ್ನೇ ಕೇಳಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು. “ಹೇ, ಇದು ಸಂಪಾದಕ ತಿದ್ದಿದ್ದಲ್ಲ. ಇದು ನೀನು.”

ಪಾತ್ರೆಯ ಸದ್ದು ನಿಂತಿತು. “ಹೌದು.”

“ಮೊದಲಿನದ್ದೂ?”

“ಎಲ್ಲಾ.”

ಮೂರು ವರ್ಷ ಶುಕ್ರವಾರಗಳನ್ನೆಲ್ಲ ಸುಟ್ಟುಕೊಂಡು ಬರೆದ ಮನುಷ್ಯ. ಈಗೇನು ಮಾಡುತ್ತಾರೋ! ಅವರು ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. “ಹಾಗಾದ್ರೆ... ಇನ್ನು ನಾನು ಬರೀಬೇಕಂತ ಇಲ್ವಾ?”

ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು. “ಬೇಡ. ನಾನು ಬರೀತೇನೆ.”

“ಅಬ್ಬಾ! ಬದುಕಿದೆ ಮಾರಾಯ!” ಎಂದು ಅವರು ಗೋಡೆಗೆ ಒರಗಿದ್ದನ್ನು ನಾನು ಎಂದಿಗೂ ಮರೆಯಲಾರೆ. ಇರಾಕಿನವರಿಂದ ಪಾರಾಗಿ ಬಂದಾಗಲೂ ಅಂಥ ಉಸಿರು ಬಿಟ್ಟಿರಲಿಕ್ಕಿಲ್ಲ. ಆಮೇಲೆ ಅವರು ಒಂದೇ ಒಂದು ಸಾಲು ಬರೆದದ್ದನ್ನು ಯಾರೂ ನೋಡಿಲ್ಲ. ಅಕ್ಕ ಬರೆದದ್ದು ನಾಲ್ಕು ಪುಸ್ತಕವಾಯಿತು, ಹೆಸರು ಮಾತ್ರ ಇಲ್ಲಿ ಹೇಳುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ನಾನೂ ಅವರೂ ಮಂಗಳೂರಿಗೆ ಹೊರಟೆವು. ಕುವೈತಿನಿಂದ ಬಂದವರು ಅಲ್ಲಿ ಯಾವುದೋ ಅರ್ಜಿ ತುಂಬಬೇಕಾಗಿತ್ತು. ಯಜಮಾನರು ಅಂಗಿ ಹಾಕಿಕೊಂಡು ಅಂಗಳದಲ್ಲಿ ಸುಮ್ಮನೆ ನಿಂತಿದ್ದರು. ಅವರು ತಂದಿದ್ದ ದಿನಾರುಗಳನ್ನು ಆಗ ಯಾವ ಬ್ಯಾಂಕಿನವರೂ ಮುಟ್ಟುತ್ತಿರಲಿಲ್ಲ. ಮೂರು ತಿಂಗಳಿಂದ ಡ್ರಾಫ್ಟೂ ಇಲ್ಲ. ಅಣ್ಣ ಅಂಗಡಿಯಲ್ಲಿ ಪಾತ್ರೆ ಜೋಡಿಸುತ್ತಿದ್ದರು. ಬಸ್ಸಿನ ದುಡ್ಡಿಗೆ ಹೋಗಿ ಕೇಳಿದರೆ ಮುಗಿಯಿತು, ಹತ್ತು ಹೆಜ್ಜೆ. ಯಜಮಾನರು ಎರಡು ಹೆಜ್ಜೆ ಹೋಗುವುದು, ನಿಲ್ಲುವುದು, ಚಪ್ಪಲಿ ಸರಿ ಮಾಡಿಕೊಳ್ಳುವುದು. ನಾನು ಕೊಡುತ್ತೇನೆ ಅಂದರೆ ಗದರಿದರು. ಮೂರನೆಯ ಸಲ ಅವರು ಅಂಗಡಿಯ ಕಡೆ ಹೊರಟಾಗ ಅಕ್ಕ ಒಳಗಿನಿಂದ ಬಂದರು. ಅಂಗಿಯ ಕಾಲರು ಮಡಚಿಕೊಂಡಿದೆ ಎಂದು ಸರಿಮಾಡಿ, ಅವರ ಜೇಬಿಗೆ ಮಡಚಿದ ನೋಟುಗಳನ್ನು ಹಾಕಿ, ಒಳಗೆ ಹೋದರು.

ಬಸ್ಸಿನಲ್ಲಿ ಯಜಮಾನರು ಆ ಕಥೆಯ ದುಡ್ಡನ್ನು ತೆಗೆದು ಎಣಿಸಿದರು. “ಕೇಳ್ಬೇಕಾಗಿ ಬರ್ಲಿಲ್ಲ ಮಾರಾಯ” ಅಂದರು. ಕಂಡಕ್ಟರು ಬಂದ. ನಾನು ಜೇಬಿಗೆ ಕೈ ಹಾಕಿದೆ. ಅವರು ನನ್ನ ಕೈಯನ್ನು ಬದಿಗೆ ತಳ್ಳಿ, ನೋಟು ಎತ್ತಿ ಹಿಡಿದು, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದರು:

“ಎರಡು ಮಂಗಳೂರು.”